ಗಾಲ್ಫ್ ಟೂರ್ನಿ ನೋಡಲು ಹೋಗುವುದಾದರೆ: ಯಾವ ದಿನ, ಯಾವ ಜಾಗ, ಯಾವ ಟೂರ್ನಿ?

ಕ್ರಿಕೆಟ್ ಪಂದ್ಯಕ್ಕೆ ಹೋದವರಿಗೆ ಒಳ್ಳೆಯ ಸೀಟು ಸಿಕ್ಕಿತೆಂದರೆ ಮುಗಿಯಿತು, ಆಟವೆಲ್ಲ ಕಣ್ಣೆದುರೇ ನಡೆಯುತ್ತದೆ. ಗಾಲ್ಫಿನಲ್ಲಿ ಆ ಸುಖವಿಲ್ಲ. ವೃತ್ತಿಪರರ ಟೂರ್ನಿ ನಡೆಯುವ ಕೋರ್ಸ್‌ನಲ್ಲಿ 18 ಹೋಲ್‌ಗಳ, ಅಂದರೆ ಟೀ ಎಂಬ ಮೊದಲ ಹೊಡೆತದ ಜಾಗದಿಂದ ಗ್ರೀನ್ ಎಂಬ ಕುಳಿಯಿರುವ ನುಣುಪು ಹುಲ್ಲಿನವರೆಗಿನ ಹಾದಿಗಳ, ಉದ್ದ ಕೂಡಿದರೆ ಸಾಮಾನ್ಯವಾಗಿ 7,000 ಗಜ ದಾಟುತ್ತದೆ, ಅಂದರೆ ಸುಮಾರು ಆರೂವರೆ ಕಿಲೋಮೀಟರ್. ಅಮೆರಿಕನ್ ಓಪನ್‌ನಂಥ ದೊಡ್ಡ ಟೂರ್ನಿಯ ಮೊದಲ ದಿನ ಅಷ್ಟು ಜಾಗದಲ್ಲಿ 156 ಜನ ಆಡುತ್ತಾರೆ. ನೀವು ಮೂರನೇ ಹೋಲ್ ಪಕ್ಕದಲ್ಲಿ ನಿಂತಿರುವಾಗ ಹದಿನಾಲ್ಕನೆಯದರಲ್ಲಿ ಯಾರೋ ಟೀ, ಗ್ರೀನ್ ನಡುವಿನ ಹುಲ್ಲುಹಾದಿಯಾದ ಫೇರ್‌ವೇಯಿಂದಲೇ ಚೆಂಡನ್ನು ಕುಳಿಗೆ ಇಳಿಸಿರುತ್ತಾರೆ. ನಿಮ್ಮ ಪಾಲಿಗೆ ಬರುವುದು ಮರಗಳ ಆಚೆಯಿಂದ ಕೇಳುವ ಕೂಗು, ಅಷ್ಟೇ. ಎಷ್ಟು ಹೊಡೆತ ನೋಡಿದಿರಿ ಎಂಬ ಲೆಕ್ಕಕ್ಕೆ ಇಳಿದರೆ ಮನೆಯಲ್ಲಿ ಟಿವಿ ಮುಂದೆ ಕೂತವರನ್ನು ಗೆಲ್ಲಲು ಸಾಧ್ಯವೇ ಇಲ್ಲ.

ಹಾಗಾಗಿ ಟಿವಿ ತೋರಿಸಲಾರದ್ದನ್ನು ನೋಡುವುದಕ್ಕಾಗಿಯೇ ಹೋಗಬೇಕು. ಅಂಥದ್ದು ಸಾಕಷ್ಟಿದೆ. 45 ಗ್ರಾಂ ತೂಕದ ಚೆಂಡು ಗಂಟೆಗೆ 270 ಕಿ.ಮೀ. ವೇಗದಲ್ಲಿ ದೂರದ ಹೊಡೆತದ ಕ್ಲಬ್ ಆದ ಡ್ರೈವರ್ ಬಿಟ್ಟು ಹೊರಡುವಾಗ ಬರುವ ಸದ್ದು ಕ್ಯಾಮೆರಾಕ್ಕೆ ದಕ್ಕುವುದಿಲ್ಲ. ನೆಲದ ಏರಿಳಿತವೂ ಅಷ್ಟೇ. ಮಾಸ್ಟರ್ಸ್ ಟೂರ್ನಿ ನಡೆಯುವ ಅಮೆರಿಕದ ಆಗಸ್ಟಾ ನ್ಯಾಷನಲ್ ಕೋರ್ಸ್‌ನ 10ನೇ ಹೋಲ್ ಟೀಯಿಂದ ಗ್ರೀನ್‌ವರೆಗೆ ಸುಮಾರು 30 ಮೀಟರ್ ಕೆಳಗಿಳಿಯುತ್ತದೆ, ಟಿವಿಯಲ್ಲಿ ಅದು ಒಂದು ಸಾಧಾರಣ ಇಳಿಜಾರು. ಇನ್ನು ಆಟಗಾರನೂ ಅವನ ಕ್ಲಬ್ ಚೀಲ ಹೊರುವ ಕ್ಯಾಡಿಯೂ ಗಾಳಿ ಯಾವ ಕಡೆಗಿದೆ ಎಂದು ತಗ್ಗಿದ ದನಿಯಲ್ಲಿ ವಾದ ಮಾಡುವುದು, ಬೋಗಿ (ಹೋಲ್‌ಗೆ ನಿಗದಿಯಾದ ಹೊಡೆತಗಳ ಸಂಖ್ಯೆಯಾದ ಪಾರ್‌ಗಿಂತ ಒಂದು ಹೆಚ್ಚು) ಹೊಡೆದವನು ಮುಂದಿನ ಟೀವರೆಗೆ ನಡೆಯುವ ಬಗೆ, ಇವೆಲ್ಲ ಪ್ರೇಕ್ಷಕರನ್ನು ತಡೆಯಲು ಕಟ್ಟಿದ ಹಗ್ಗದ ಪಕ್ಕ ನಿಂತವರ ಸೊತ್ತು.

ಸಾಮಾನ್ಯವಾಗಿ ಜನ ಮೊದಲು ಟೂರ್ನಿಯ ಹೆಸರು ನೋಡುತ್ತಾರೆ, ಆಮೇಲೆ ಭಾನುವಾರದ ಟಿಕೆಟ್‌ಗೆ ಪರದಾಡುತ್ತಾರೆ, ಎಲ್ಲಿ ನಿಲ್ಲಬೇಕೆಂದು ಗೇಟಿನೊಳಗೆ ಹೋದ ಮೇಲೆ ಯೋಚಿಸುತ್ತಾರೆ. ನನ್ನ ಲೆಕ್ಕ ಇದಕ್ಕೆ ತಿರುಗಾಮುರುಗ. ದಿನ ಮೊದಲು, ಜಾಗ ಆಮೇಲೆ, ಟೂರ್ನಿಯ ಹೆಸರು ಮೂರನೆಯದು.

ಯಾವ ದಿನ?

ಟೂರ್ನಿಯ ವಾರ ಸೋಮವಾರವೇ ಶುರುವಾಗುತ್ತದೆ. ಗುರುವಾರದಿಂದ ಭಾನುವಾರದವರೆಗಿನ ನಾಲ್ಕು ರೌಂಡ್‌ಗಳು ಎಲ್ಲರಿಗೂ ಗೊತ್ತು. ಅದಕ್ಕೆ ಮುಂಚಿನ ಮೂರು ದಿನಗಳ ಬಗ್ಗೆ ಕೇಳುವವರು ಕಡಿಮೆ. ಆಟ ಕಲಿಯುತ್ತಿರುವವರಿಗೆ ನಾನು ಕಣ್ಣುಮುಚ್ಚಿ ಹೇಳುವುದು ಅಭ್ಯಾಸದ ದಿನವನ್ನೇ. ಸ್ಪರ್ಧೆಯ ದಿನ ಒಬ್ಬ ಆಟಗಾರ ಗ್ರೀನ್ ಪಕ್ಕ ಹೊಡೆಯುವುದು ಒಂದೇ ಚಿಪ್, ಅಂದರೆ ಗ್ರೀನ್ ಮೇಲಕ್ಕೆ ಕಳಿಸುವ ಸಣ್ಣ ಹೊಡೆತ. ಮಂಗಳವಾರ ಅದೇ ಜಾಗದಲ್ಲಿ ನಾಲ್ಕೈದು ಚೆಂಡು ಚೆಲ್ಲಿ ಒಂದನ್ನು ಎತ್ತರಕ್ಕೆ, ಒಂದನ್ನು ನೆಲಕ್ಕೆ ಅಂಟಿದಂತೆ, ಮತ್ತೊಂದನ್ನು ಇಳಿಜಾರಿಗೆ ತಾಗಿಸಿ ಹೊಡೆದು ನೋಡುತ್ತಾನೆ. ಅವನ ಕಣ್ಣು ಬಾವುಟದ ಮೇಲೆ ಇರುವುದೇ ಇಲ್ಲ. ಗುರುವಾರದಿಂದ ದಿನಕ್ಕೊಂದು ಕಡೆ ಬದಲಾಗುವ ಕುಳಿ ಎಲ್ಲೆಲ್ಲಿ ಬರಬಹುದೋ ಅಲ್ಲಲ್ಲಿ ಕ್ಯಾಡಿ ಒಂದು ಟೀ ಕಡ್ಡಿಯನ್ನೋ ಪುಟ್ಟ ಬಿಲ್ಲೆಯನ್ನೋ ಇಟ್ಟಿರುತ್ತಾನೆ, ಪಟ್, ಅಂದರೆ ಗ್ರೀನ್ ಮೇಲೆ ಚೆಂಡು ಉರುಳಿಸುವ ಹೊಡೆತ, ಎಲ್ಲ ಅದರತ್ತಲೇ. ಇದನ್ನು ಒಂದು ಗ್ರೀನ್ ಪಕ್ಕ ಅರ್ಧ ಗಂಟೆ ನಿಂತು ನೋಡಿದರೆ ನಾಲ್ಕು ದಿನದ ಆಟದ ನಕ್ಷೆ ಅರ್ಥವಾಗುತ್ತದೆ. ಆಟಗಾರರ ಮನಸ್ಸೂ ಆಗ ಹಗುರವಾಗಿರುತ್ತದೆ, ಆಟೋಗ್ರಾಫ್ ಸಿಗುವ ಸಾಧ್ಯತೆ ಹೆಚ್ಚು. ಮಾಸ್ಟರ್ಸ್‌ನಲ್ಲಂತೂ ಅಭ್ಯಾಸದ ದಿನ 16ನೇ ಹೋಲ್‌ಗೆ ಬಂದವರನ್ನು ಜನ ಸುಮ್ಮನೆ ಬಿಡುವುದಿಲ್ಲ. ಕೊಳದ ನೀರಿನ ಮೇಲೆ ಚೆಂಡನ್ನು ಜಿಗಿಸಿ ಗ್ರೀನ್‌ಗೆ ಕಳಿಸಿ ಎಂದು ಕೂಗುತ್ತಾರೆ, ಆಟಗಾರರು ಮಾಡಿಯೂ ತೋರಿಸುತ್ತಾರೆ. ಬುಧವಾರ ಅಲ್ಲಿ ಪಾರ್-3 (ಮೂರು ಹೊಡೆತಕ್ಕೆ ಮುಗಿಸಬೇಕಾದ ಸಣ್ಣ ಹೋಲ್‌ಗಳ) ಸ್ಪರ್ಧೆ. 1960ರಿಂದ ನಡೆದುಬಂದ ಇದರಲ್ಲಿ ಆಟಗಾರರ ಪುಟ್ಟ ಮಕ್ಕಳು ಬಿಳಿ ಕ್ಯಾಡಿ ಉಡುಪು ತೊಟ್ಟು ಓಡಾಡುತ್ತಾರೆ.

ಸಾಮಾನ್ಯ ಟೂರ್ನಿಗಳಲ್ಲಿ ಬುಧವಾರಕ್ಕೆ ಪ್ರೊ-ಆಮ್ ಇರುತ್ತದೆ. ವೃತ್ತಿಪರರ ಜೊತೆ ಹವ್ಯಾಸಿಗಳೂ ಆಡುವುದರಿಂದ ಆಟ ತೆವಳುತ್ತದೆ. ಒಬ್ಬ ದೊಡ್ಡ ಆಟಗಾರನನ್ನು ತೀರ ಹತ್ತಿರದಿಂದ ನೋಡುವ ಆಸೆಯಿದ್ದರೆ ಸರಿ, ಇಲ್ಲದಿದ್ದರೆ ಮಂಗಳವಾರವೇ ವಾಸಿ.

ಗುರುವಾರ, ಶುಕ್ರವಾರಗಳಿಗೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ. ಮೊದಲ ಸಲ ಹೋಗುವವರಿಗೆ ಇವೆರಡರಲ್ಲಿ ಒಂದು ದಿನವನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ. ಇಡೀ ಪಟ್ಟಿಯ ಆಟಗಾರರು ಇರುತ್ತಾರೆ, ಮೂವರ ಗುಂಪು, ಬೆಳಿಗ್ಗೆ ಏಳರ ಆಸುಪಾಸಿನಿಂದ ಕತ್ತಲಾಗುವವರೆಗೂ ಆಟ. ಬಹುತೇಕ ಟೂರ್ನಿಗಳಲ್ಲಿ 1 ಮತ್ತು 10ನೇ ಟೀ ಎರಡರಿಂದಲೂ ಗುಂಪುಗಳು ಹೊರಡುವುದರಿಂದ ಕೋರ್ಸ್‌ನ ಯಾವ ಮೂಲೆಗೆ ಹೋದರೂ ಯಾರಾದರೂ ಆಡುತ್ತಿರುತ್ತಾರೆ. ಒಂದು ಸೂಕ್ಷ್ಮ: ಗುರುವಾರ ಬೆಳಿಗ್ಗೆ ಹೊರಟವರಿಗೆ ಶುಕ್ರವಾರ ಮಧ್ಯಾಹ್ನದ ಸರದಿ, ಗುರುವಾರ ಮಧ್ಯಾಹ್ನದವರಿಗೆ ಶುಕ್ರವಾರ ಬೆಳಿಗ್ಗೆ. ನಿಮ್ಮ ಮೆಚ್ಚಿನವರು ಎಷ್ಟು ಗಂಟೆಗೆ ಹೊರಡುತ್ತಾರೆಂದು ನೋಡದೆ ಮಧ್ಯಾಹ್ನ ಒಂದಕ್ಕೆ ಗೇಟು ತಲುಪಿದರೆ ಅವರು ಆಟ ಮುಗಿಸಿ ಹೊರಟಿರಬಹುದು.

ಶುಕ್ರವಾರ ಸಂಜೆಗೆ ಅದರದೇ ಒಂದು ಬಿಸಿ ಇದೆ. ಎರಡು ರೌಂಡ್ ಆದ ಮೇಲೆ ಪಟ್ಟಿಯನ್ನು ಕತ್ತರಿಸುತ್ತಾರೆ. ಅಮೆರಿಕದ ವೃತ್ತಿಪರ ಪುರುಷರ ಸರಣಿಯಾದ ಪಿಜಿಎ ಟೂರ್‌ನ ಸಾಮಾನ್ಯ ಟೂರ್ನಿಗಳಲ್ಲಿ ಮೊದಲ 65 ಸ್ಥಾನ ಮತ್ತು ಆ ಸ್ಥಾನವನ್ನು ಹಂಚಿಕೊಂಡವರು ಉಳಿಯುತ್ತಾರೆ. ಮಾಸ್ಟರ್ಸ್‌ನಲ್ಲಿ 50, ಅಮೆರಿಕನ್ ಓಪನ್‌ನಲ್ಲಿ 60, ಬ್ರಿಟಿಷ್ ಓಪನ್ ಮತ್ತು ಪಿಜಿಎ ಚಾಂಪಿಯನ್‌ಷಿಪ್‌ನಲ್ಲಿ 70. ಗೆರೆಯ ಆಚೆ ಬಿದ್ದವನಿಗೆ ಸಾಮಾನ್ಯ ಟೂರ್ನಿಯಲ್ಲಿ ಬಹುಮಾನದ ಹಣವಿಲ್ಲ, ಆದರೆ ಕ್ಯಾಡಿಯ ಸಂಬಳವೂ ಪ್ರಯಾಣದ ಖರ್ಚೂ ತಪ್ಪುವುದಿಲ್ಲ. ಯಾರಿಗೂ ಹೆಸರು ಗೊತ್ತಿಲ್ಲದ ಒಬ್ಬ ಕೊನೆಯ ಹೋಲ್‌ನಲ್ಲಿ ಐದು ಅಡಿಯ ಪಾರ್ ಪಟ್‌ಗೆ ಕುಕ್ಕರುಗಾಲಲ್ಲಿ ಕೂತು ಗೆರೆ ನೋಡುತ್ತಿದ್ದಾನೆ, ಬೋರ್ಡ್‌ನಲ್ಲಿ ಅವನ ಹೆಸರು ಕಟ್ ಗೆರೆಯ ಮೇಲೆ ತೂಗುತ್ತಿದೆ, ಸುತ್ತ ಇಪ್ಪತ್ತು ಜನರೂ ಇಲ್ಲ. ಭಾನುವಾರದ ಗೆಲುವಿನ ಪಟ್‌ಗಿಂತ ಇದೇ ನನಗೆ ಹೆಚ್ಚು ಹಿಡಿಸುತ್ತದೆ. ಟಿವಿ ಆ ಹೊತ್ತಿಗೆ ಮುನ್ನಡೆಯಲ್ಲಿರುವವರ ಹಿಂದೆ ಹೋಗಿರುತ್ತದೆ.

ಶನಿವಾರದ ಬಗ್ಗೆ ಹೇಳಲು ಹೆಚ್ಚಿಲ್ಲ. ಆಟಗಾರರ ಸಂಖ್ಯೆ ಅರ್ಧಕ್ಕೆ ಇಳಿದಿರುತ್ತದೆ, ಸಾಮಾನ್ಯವಾಗಿ ಇಬ್ಬಿಬ್ಬರ ಜೋಡಿ, ಜನಸಂದಣಿ ಮಾತ್ರ ಜಾಸ್ತಿ.

ಭಾನುವಾರ ಹೋಗಲೇಬೇಕೆಂದರೆ ಒಂದು ಮಾತು ತಿಳಿದಿರಲಿ: ಕೊನೆಯ ಜೋಡಿಯ ಹಿಂದೆ ನಡೆದು ಆಟ ನೋಡುತ್ತೇನೆಂಬುದು ಕನಸು. ಹಗ್ಗದ ಗುಂಟ ಐದಾರು ಸಾಲು ಜನ. ನಿಮಗೆ ಕಾಣುವುದು ಮುಂದಿನವರ ಟೋಪಿ ಮತ್ತು ಅವರು ಎತ್ತಿ ಹಿಡಿದ ಫೋನು. ಎತ್ತರ ಕಡಿಮೆಯಿದ್ದವರಿಗೆ ಅದೂ ಇಲ್ಲ. ಇಂಥ ಗುಂಪುಗಳಲ್ಲಿ ರಟ್ಟಿನ ಪೆರಿಸ್ಕೋಪ್ ಹಿಡಿದು ನೋಡುವವರು ಹಿಂದಿನಿಂದಲೂ ಇದ್ದಾರೆ, ಅದು ತಮಾಷೆಗಲ್ಲ. ಭಾನುವಾರಕ್ಕೆ ಇರುವುದು ಎರಡೇ ದಾರಿ. ಬೆಳಿಗ್ಗೆ ಬೇಗ ಹೊರಡುವ, ಪಟ್ಟಿಯ ತಳದ ಜೋಡಿಗಳ ಹಿಂದೆ ಖಾಲಿ ಫೇರ್‌ವೇಗಳಲ್ಲಿ ಆರಾಮಾಗಿ ನಡೆಯುವುದು. ಮಧ್ಯಾಹ್ನದ ಹೊತ್ತಿಗೆ ಕೊನೆಯ ನಾಲ್ಕು ಹೋಲ್‌ಗಳಲ್ಲಿ ಒಂದರ ಸ್ಟ್ಯಾಂಡ್ ಹತ್ತಿ ಕದಲದೆ ಕೂರುವುದು. ಎರಡನ್ನೂ ಒಂದೇ ದಿನ ಮಾಡಬಹುದು. ಮುನ್ನಡೆಯಲ್ಲಿರುವವರು ಹೊರಡುವುದೇ ತಡವಾಗಿ, ಅವರು ಹದಿನೈದನೇ ಹೋಲ್ ಮುಟ್ಟಲು ಮೂರು ಗಂಟೆಗೂ ಮೇಲೆ ಬೇಕು.

ನಡೆಯುವುದೋ, ಕೂರುವುದೋ?

ಒಂದು ಗುಂಪಿನ ಜೊತೆ ನಡೆದರೆ ಕಥೆ ಸಿಗುತ್ತದೆ. ಒಂದು ಕಡೆ ಕೂತರೆ ಹೊಡೆತಗಳು ಸಿಗುತ್ತವೆ.

ನಡೆಯುವವರಿಗೆ ಮೊದಲ ಸೂತ್ರ, ಆಟಗಾರರಿಗಿಂತ ಯಾವಾಗಲೂ ಒಂದು ಹೊಡೆತ ಮುಂದಿರಬೇಕು. ಅವರು ಗ್ರೀನ್ ಮೇಲಿರುವಾಗ ನೀವು ಮುಂದಿನ ಹೋಲ್‌ನಲ್ಲಿ ಡ್ರೈವ್ (ಟೀಯಿಂದ ಹೊಡೆದ ಮೊದಲ ಹೊಡೆತ) ಬೀಳುವ ಜಾಗದತ್ತ ಹೊರಡಿ. ಅಲ್ಲಿಂದ ಎರಡನೇ ಹೊಡೆತ ನೋಡಿ, ಮುಂದಿನ ಗ್ರೀನ್‌ಗೆ ನಡೆಯಿರಿ. ಪ್ರತಿ ಹೊಡೆತವನ್ನೂ ನೋಡುತ್ತೇನೆಂದು ಹಟ ಹಿಡಿದರೆ ಒಂದನ್ನೂ ಸರಿಯಾಗಿ ನೋಡುವುದಿಲ್ಲ. ಮೂವರ ಗುಂಪು ಒಂದು ರೌಂಡ್ ಮುಗಿಸಲು ನಾಲ್ಕೂವರೆಯಿಂದ ಐದು ಗಂಟೆ ಹಿಡಿಯುತ್ತದೆ, ಹಗ್ಗದ ಹೊರಗಿನ ಸುತ್ತುದಾರಿ ಸೇರಿ ನಿಮ್ಮ ನಡಿಗೆ ಎಂಟು ಹತ್ತು ಕಿಲೋಮೀಟರ್ ಆಗುತ್ತದೆ. ಅದಕ್ಕೇ 9 ಹೋಲ್ ನಡೆದು ಉಳಿದ ಹೊತ್ತು ಕೂರುವುದು ನನ್ನ ಪದ್ಧತಿ.

ಯಾರ ಜೊತೆ ನಡೆಯಬೇಕು? ನಂಬರ್ ಒನ್ ಜೊತೆಯಂತೂ ಅಲ್ಲ. ಅವನ ಹಿಂದಿನ ಅಥವಾ ಮುಂದಿನ ಗುಂಪನ್ನು ನೋಡಿ. ತಾರೆಯ ಹಿಂದೆ ಸಾವಿರಾರು ಜನ ಸಾಗಿಹೋದ ಮೇಲೆ ಬರುವ ಮೂವರೂ ಅದೇ ಮಟ್ಟದ ಆಟಗಾರರು, ಆದರೆ ಅವರ ಜೊತೆ ನಡೆಯುವವರು ಬೆರಳೆಣಿಕೆಯಷ್ಟು: ಒಬ್ಬನ ಹೆಂಡತಿ, ಇನ್ನೊಬ್ಬನ ಕೋಚ್, ಯಾರದೋ ಅಪ್ಪ. ಕ್ಯಾಡಿ ಗಜ ಎಣಿಸುವುದು ನಿಮ್ಮ ಕಿವಿಗೆ ಬೀಳುತ್ತದೆ. ತಾರೆಯ ಗುಂಪಿನಲ್ಲಿ ಇನ್ನೊಂದು ಕಿರಿಕಿರಿ ಇದೆ, ಅವನು ಪಟ್ ಮುಗಿಸಿದ ಕೂಡಲೇ ಜನ ದಡಬಡ ಹೊರಡುತ್ತಾರೆ, ಪಾಪ, ಜೊತೆಗಾರನ ಪಟ್ ಇನ್ನೂ ಬಾಕಿ ಇರುತ್ತದೆ. ದೊಡ್ಡ ಗುಂಪಿನಿಂದ ಉಪಕಾರವಾದದ್ದೂ ಉಂಟು, ಇಲ್ಲವೆನ್ನುವಂತಿಲ್ಲ. 1999ರ ಫೀನಿಕ್ಸ್ ಓಪನ್‌ನ 13ನೇ ಹೋಲ್‌ನಲ್ಲಿ ಟೈಗರ್ ವುಡ್ಸ್ ಚೆಂಡಿನ ಮುಂದೆ ಭಾರಿ ಬಂಡೆಯೊಂದು ಅಡ್ಡವಿತ್ತು. ನೆಲದಲ್ಲಿ ಹೂತಿಲ್ಲದ ಕಲ್ಲು ತೆಗೆಯಬಹುದೆಂದು ಅಧಿಕಾರಿ ಹೇಳಿದ್ದೇ ತಡ, ಪ್ರೇಕ್ಷಕರು ಕೂಡಿ ಅದನ್ನು ಉರುಳಿಸಿಬಿಟ್ಟರು.

ಕೂರುವುದಾದರೆ ಪಾರ್-3 ಹೋಲ್ ಎಲ್ಲಕ್ಕಿಂತ ಸಲೀಸು. ಟೀ, ಗ್ರೀನ್ ಎರಡೂ ಒಂದೇ ನೋಟಕ್ಕೆ ಸಿಗುತ್ತವೆ, ಹತ್ತು ಹನ್ನೆರಡು ನಿಮಿಷಕ್ಕೊಂದು ಗುಂಪು ಬರುತ್ತದೆ. ಎರಡು ಗಂಟೆಯಲ್ಲಿ ಮೂವತ್ತು ಆಟಗಾರರು ಒಂದೇ ಹೊಡೆತವನ್ನು ಮೂವತ್ತು ರೀತಿಯಲ್ಲಿ ಹೊಡೆಯುವುದು ನೋಡಬಹುದು. ಟಿಪಿಸಿ ಸಾಗ್ರಾಸ್‌ನ 17ನೇ ಹೋಲ್ ಇದಕ್ಕೆ ಹೇಳಿ ಮಾಡಿಸಿದ್ದು. ಉದ್ದ ಬರೀ 137 ಗಜ, ಗ್ರೀನ್ ಸುತ್ತ ನೀರು, ತಪ್ಪಿದರೆ ಚೆಂಡು ಮುಳುಗಿತು. ಆ ಕೋರ್ಸ್ ಕಟ್ಟುವಾಗಲೇ ಪೀಟ್ ಡೈ ಪ್ರೇಕ್ಷಕರಿಗೆಂದು ಮಣ್ಣಿನ ದಿಬ್ಬಗಳನ್ನು ಏರಿಸಿದ, ಹಾಗಾಗಿ ಹಿಂದಿನ ಸಾಲಿನಲ್ಲಿದ್ದರೂ ಕಾಣುತ್ತದೆ. ಆಗಸ್ಟಾದ 12ನೇ ಹೋಲ್ ಬೇರೆ ಥರ. 155 ಗಜ, ಟೀ ಹಿಂದಿನ ಇಳಿಜಾರಿನಲ್ಲಿ ಕೂತರೆ 11ನೇ ಗ್ರೀನ್ ಕೂಡ ಕಾಣುತ್ತದೆ. ಆದರೆ 12ನೇ ಗ್ರೀನ್ ಹತ್ತಿರ ಪ್ರೇಕ್ಷಕರಿಗೆ ಪ್ರವೇಶವಿಲ್ಲ. ಹೊಳೆಯ ಆಚೆ ಆಟಗಾರರಷ್ಟೇ ಉಳಿಯುತ್ತಾರೆ, ಪಟ್ ಒಳಗೆ ಬಿತ್ತೋ ಇಲ್ಲವೋ ಎಂದು ಅವರ ಹಾವಭಾವ ನೋಡಿ ಊಹಿಸಬೇಕು. ಬೈನಾಕ್ಯುಲರ್ ಇದ್ದವನೇ ಅಲ್ಲಿ ರಾಜ.

ಟಿಪಿಸಿ ಸ್ಕಾಟ್ಸ್‌ಡೇಲ್‌ನ 16ನೇ ಹೋಲ್ ಈ ಸಾಲಿಗೆ ಸೇರಿದ್ದೋ ಅಲ್ಲವೋ ಎಂದು ನನಗೆ ಅನುಮಾನ. ಸುತ್ತಲೂ ಸ್ಟ್ಯಾಂಡ್ ಕಟ್ಟಿ 20,000ದ ಆಸುಪಾಸು ಜನರನ್ನು ಕೂರಿಸುತ್ತಾರೆ, ಗ್ರೀನ್ ತಪ್ಪಿಸಿದವನಿಗೆ ಛೀಮಾರಿ, ಕುಳಿಯ ಹತ್ತಿರ ಇಟ್ಟವನಿಗೆ ಜೈಕಾರ. 2022ರಲ್ಲಿ ಸ್ಯಾಮ್ ರೈಡರ್ ಒಂದೇ ಹೊಡೆತಕ್ಕೆ ಕುಳಿ ಸೇರಿಸಿದಾಗ ಬಿಯರ್ ಲೋಟ, ಡಬ್ಬಿಗಳ ಮಳೆಯೇ ಸುರಿದು, ಅವನ್ನು ಬಳಿದು ತೆಗೆಯುವವರೆಗೂ ಆಟ ನಿಂತಿತು. ಗೆಳೆಯರ ಗುಂಪಿಗೆ ಮಜಾ ಬೇಕಿದ್ದರೆ ಹೋಗಿ. ಗಾಲ್ಫ್ ನೋಡಬೇಕಿದ್ದರೆ ಅದೇ ಕೋರ್ಸ್‌ನ ಬೇರೆ ಹದಿನೇಳು ಹೋಲ್‌ಗಳಿವೆ.

ಅಷ್ಟಾಗಿ ಹೆಸರಿಲ್ಲದ ಎರಡು ಜಾಗಗಳನ್ನು ಹೇಳುತ್ತೇನೆ. ಮೊದಲನೆಯದು ಡ್ರೈವಿಂಗ್ ರೇಂಜ್. ಆಟ ಶುರುವಾಗುವ ಒಂದು ಗಂಟೆ ಮೊದಲು ಪ್ರತಿಯೊಬ್ಬ ಆಟಗಾರನೂ ಅಲ್ಲಿಗೆ ಬರುತ್ತಾನೆ, ಹತ್ತಿರದ ಹೊಡೆತದ ಕ್ಲಬ್ ಆದ ವೆಜ್‌ನಿಂದ ಶುರುಮಾಡಿ ಡ್ರೈವರ್‌ವರೆಗೆ ಏರುತ್ತಾನೆ. ಆಟದ ನಡುವೆ ನಾಲ್ಕೂವರೆ ಗಂಟೆಯಲ್ಲಿ ಎಪ್ಪತ್ತು ಚಿಲ್ಲರೆ ಹೊಡೆತ ಹೊಡೆಯುವವನು ಇಲ್ಲಿ ನಿಮ್ಮೆದುರೇ ಒಂದಾದ ಮೇಲೊಂದರಂತೆ ಹೊಡೆಯುತ್ತಾನೆ. ಎರಡನೆಯದು ಉದ್ದದ ಹೋಲ್‌ನ ಟೀ ಹಿಂಭಾಗ, ಚೆಂಡು ಹೋಗುವ ಗೆರೆಗೆ ನೇರವಾಗಿ. ಪಕ್ಕದಿಂದ ನೋಡಿದರೆ ಚೆಂಡು ಮಾಯವಾದದ್ದಷ್ಟೇ ತಿಳಿಯುತ್ತದೆ. ಹಿಂದಿನಿಂದ ನೋಡಿದರೆ ಅದು ಎಡಕ್ಕೆ ಹೊರಟು ಮೆಲ್ಲಗೆ ಬಲಕ್ಕೆ ಬಾಗಿ ಫೇರ್‌ವೇ ನಡುವೆ ಇಳಿಯುವುದು ಗೆರೆ ಎಳೆದಂತೆ ಕಾಣುತ್ತದೆ.

18ನೇ ಗ್ರೀನ್ ಸ್ಟ್ಯಾಂಡ್ ಬಗ್ಗೆ ಜನರಿಗೆ ಮೋಹ ಜಾಸ್ತಿ. ಕೊನೆಯ ಗುಂಪು ಬರುವವರೆಗೆ ಅಲ್ಲಿ ಬೇಸರದ ಹೊತ್ತು ಬಹಳ, ಎದ್ದು ಹೋದರೆ ಸೀಟು ಹೋಯಿತು. ಆಗಸ್ಟಾ ಮಾತ್ರ ಇದಕ್ಕೆ ಹೊರತು. ಬೆಳಿಗ್ಗೆ ನಿಮ್ಮ ಮಡಿಸುವ ಕುರ್ಚಿಯನ್ನು ಗ್ರೀನ್ ಪಕ್ಕ ಇಟ್ಟು ಇಡೀ ದಿನ ತಿರುಗಾಡಿ ಬಂದರೂ ಕುರ್ಚಿ ಅಲ್ಲೇ ಇರುತ್ತದೆ, ಅದರಲ್ಲಿ ಕೂತವರು ನೀವು ಬಂದೊಡನೆ ಎದ್ದುಕೊಡುತ್ತಾರೆ. ಹಾಗೆಂದು ಗೇಟು ತೆರೆದ ಕೂಡಲೇ ಓಡುವಂತಿಲ್ಲ, ಅಲ್ಲಿ ಓಡುವುದಕ್ಕೇ ನಿಷೇಧ. ದೊಡ್ಡವರು, ಮುದುಕರು ಎಲ್ಲ ಕೈಯಲ್ಲಿ ಕುರ್ಚಿ ಹಿಡಿದು ಓಟಕ್ಕೆ ಒಂಚೂರು ಕಡಿಮೆ ವೇಗದಲ್ಲಿ ಬಿರುಸಾಗಿ ನಡೆಯುವುದನ್ನು ನೋಡುವುದೇ ಒಂದು ಮೋಜು.

ಎಲ್ಲರನ್ನೂ ನೋಡಬೇಕು, ಆದರೆ ಒಂದೇ ಕಡೆ ಕೂರಲಾರೆ ಎನ್ನುವವರು ಕೋರ್ಸ್ ಅನ್ನು ಉಲ್ಟಾ ನಡೆಯಬಹುದು, ಹದಿನೆಂಟರಿಂದ ಒಂದರ ಕಡೆಗೆ. ಪ್ರತಿ ಗುಂಪೂ ಎದುರಿಗೆ ಬಂದು ಹಾದುಹೋಗುತ್ತದೆ.

ಯಾವ ಟೂರ್ನಿ?

ಪುರುಷರ ಅತಿ ದೊಡ್ಡ ನಾಲ್ಕು ಟೂರ್ನಿಗಳಾದ ಮೇಜರ್‌ಗಳಲ್ಲಿ ಮಾಸ್ಟರ್ಸ್ ಏಪ್ರಿಲ್‌ನಲ್ಲಿ, ಪ್ರತಿ ವರ್ಷವೂ ಆಗಸ್ಟಾದಲ್ಲೇ. ಉಳಿದ ಮೂರು, ಮೇ ತಿಂಗಳ ಪಿಜಿಎ, ಜೂನ್‌ನ ಅಮೆರಿಕನ್ ಓಪನ್, ಜುಲೈನ ಬ್ರಿಟಿಷ್ ಓಪನ್, ಪ್ರತಿ ಸಲ ಕೋರ್ಸ್ ಬದಲಿಸುತ್ತವೆ. ಆದ್ದರಿಂದ ಈ ಮೂರರ ವಿಷಯದಲ್ಲಿ ಟೂರ್ನಿಗಿಂತ ಆ ವರ್ಷದ ಕೋರ್ಸ್ ಯಾವುದೆಂದು ನೋಡುವುದು ಮುಖ್ಯ. ಬ್ರಿಟಿಷ್ ಓಪನ್‌ನಲ್ಲೇ ಎರಡು ಉದಾಹರಣೆ ಕೊಡಬಹುದು. ಸೇಂಟ್ ಆಂಡ್ರೂಸ್ ಓಲ್ಡ್ ಕೋರ್ಸ್ ಗಾಲ್ಫಿನ ತವರು. ಆದರೆ ಅಲ್ಲಿ ಹೋಗುವ ಮತ್ತು ಬರುವ ಫೇರ್‌ವೇಗಳು ಒಂದಕ್ಕೊಂದು ಅಂಟಿಕೊಂಡಿವೆ, ಏಳು ದೊಡ್ಡ ಗ್ರೀನ್‌ಗಳನ್ನು ಎರಡೆರಡು ಹೋಲ್‌ಗಳು ಹಂಚಿಕೊಂಡಿವೆ. ಪ್ರೇಕ್ಷಕರು ನಿಲ್ಲುವುದು ಹೆಚ್ಚಾಗಿ ಹೊರ ಅಂಚಿನಲ್ಲಿ, ಆಟ ದೂರದಲ್ಲಿ. ರಾಯಲ್ ಬರ್ಕ್‌ಡೇಲ್‌ನಲ್ಲಿ ಫೇರ್‌ವೇಗಳು ಮರಳು ದಿಬ್ಬಗಳ ನಡುವಿನ ಕಣಿವೆಗಳಲ್ಲಿ ಸಾಗುತ್ತವೆ, ದಿಬ್ಬ ಹತ್ತಿದರೆ ಆಟ ಕಾಲ ಕೆಳಗೆ. ಇತಿಹಾಸ ನೋಡಬೇಕಿದ್ದರೆ ಮೊದಲನೆಯದು, ಗಾಲ್ಫ್ ನೋಡಬೇಕಿದ್ದರೆ ಎರಡನೆಯದು. ಕಡಲ ಗಾಳಿ, ಮಳೆ ಎರಡೂ ಕಡೆ ಒಂದೇ.

ಮಾಸ್ಟರ್ಸ್ ಟಿಕೆಟ್ ಸಿಗುವುದು ಲಾಟರಿಯಲ್ಲಿ, ಅದೃಷ್ಟ ಬೇಕು. ಸಿಕ್ಕರೆ ಯಾವ ದಿನದ್ದಾದರೂ ಬಿಡಬೇಡಿ. ಆಟಗಾರರ ಸಂಖ್ಯೆ ನೂರಕ್ಕೂ ಕಡಿಮೆ, ಮೊಬೈಲ್ ಫೋನ್ ಸಂಪೂರ್ಣ ನಿಷಿದ್ಧ, ಕ್ಯಾಮೆರಾ ಅಭ್ಯಾಸದ ದಿನಗಳಲ್ಲಿ ಮಾತ್ರ. ಫೋನಿಲ್ಲದ ಸಾವಿರಾರು ಜನ ಎಲ್ಲರೂ ಆಟವನ್ನೇ ನೋಡುತ್ತ ನಿಂತಿರುವ ಜಾಗ ಇನ್ನೆಲ್ಲಿದೆ? ಅಂಕ ತಿಳಿಯಬೇಕೆಂದರೆ ಕೈಯಿಂದ ಅಂಕಿ ಬದಲಿಸುವ ದೊಡ್ಡ ಬೋರ್ಡ್ ನೋಡಬೇಕು. ಅಲ್ಲಿ ಒಂದು ಅಂಕಿ ತಿರುಗಿದಾಗ ದೂರದ ಹೋಲ್‌ನಲ್ಲಿ ನಿಂತವರೂ ಒಟ್ಟಿಗೆ ಕೂಗುತ್ತಾರೆ.

ಮೇಜರ್‌ಗಳ ಆಚೆಗೆ ಬಂದರೆ ನನ್ನ ಒಲವು ಮಹಿಳೆಯರ ಟೂರ್ನಿಗಳ ಕಡೆ, ಅದರಲ್ಲೂ ಸ್ವತಃ ಆಡುವವರಿಗೆ. ಪುರುಷ ವೃತ್ತಿಪರರು ಡ್ರೈವರ್‌ನಿಂದ 300 ಗಜ ಹೊಡೆಯುವುದನ್ನು ನೋಡಿ ಬೆರಗಾಗಬಹುದು, ಕಲಿಯಲು ಆಗುವುದಿಲ್ಲ. ಆ ವೇಗ ನಮ್ಮ ಮೈಗೆ ಬರುವಂಥದ್ದಲ್ಲ. ಮಹಿಳೆಯರ ವೃತ್ತಿಪರ ಸರಣಿಯಾದ ಎಲ್‌ಪಿಜಿಎ ಆಟಗಾರ್ತಿಯರ ಕ್ಲಬ್ ವೇಗ ಒಬ್ಬ ಒಳ್ಳೆಯ ಹವ್ಯಾಸಿಯ ವೇಗಕ್ಕೆ ಹತ್ತಿರ, ಫಲಿತಾಂಶ ಮಾತ್ರ ಅಜಗಜಾಂತರ. ವ್ಯತ್ಯಾಸ ಬಂದದ್ದು ಲಯದಿಂದ, ಸಮತೋಲದಿಂದ ಎಂಬುದು ಹಗ್ಗದ ಪಕ್ಕ ನಿಂತರೆ ತಾನೇ ಹೊಳೆಯುತ್ತದೆ. ಜನಸಂದಣಿ ಕಡಿಮೆ, ಮುಂದಿನ ಸಾಲು ಸಲೀಸಾಗಿ ಸಿಗುತ್ತದೆ. ಪುರುಷರಿಗೆ ನಾಲ್ಕು ಮೇಜರ್ ಇದ್ದರೆ ಮಹಿಳೆಯರಿಗೆ ಐದಿವೆ. ಆ ಟೂರ್ನಿಗಳಲ್ಲೂ ತೀರ ಹತ್ತಿರದಿಂದ ನೋಡಬಹುದು. ಐವತ್ತು ದಾಟಿದವರ ಚಾಂಪಿಯನ್ಸ್ ಟೂರ್ ಕೂಡ ಇದೇ ಬಗೆಯ ಆರಾಮದ್ದು. ಹೆಚ್ಚಿನ ಟೂರ್ನಿಗಳು ಮೂರೇ ರೌಂಡ್, ಹಳೆಯ ಹೆಸರುಗಳೆಲ್ಲ ಒಂದೇ ಕಡೆ.

ರೈಡರ್ ಕಪ್‌ಗೆ ಹೋಗಬೇಕೆನ್ನುವವರು ಒಂದು ಸಣ್ಣ ಲೆಕ್ಕ ಹಾಕಿ. ಅಮೆರಿಕ, ಯುರೋಪ್ ತಂಡಗಳಲ್ಲಿ 12-12 ಆಟಗಾರರು. ಶುಕ್ರವಾರ, ಶನಿವಾರ ಬೆಳಿಗ್ಗೆ ನಾಲ್ಕು ಪಂದ್ಯ, ಮಧ್ಯಾಹ್ನ ನಾಲ್ಕು. ಅಂದರೆ ಇಡೀ ಕೋರ್ಸ್‌ನಲ್ಲಿ ಒಂದು ಹೊತ್ತಿಗೆ ಆಟ ನಡೆಯುವುದು ನಾಲ್ಕೇ ಕಡೆ, ಅದನ್ನು ನೋಡಲು ಹತ್ತಾರು ಸಾವಿರ ಜನ. ನೀವು ಕೂತ ಹೋಲ್‌ಗೆ ನಾಲ್ಕು ಗುಂಪು ಬಂದು ಹೋದವೆಂದರೆ ಆ ಹೊತ್ತಿನ ಆಟ ಮುಗಿಯಿತು. ಪಂದ್ಯ ಮೊದಲೇ ನಿರ್ಧಾರವಾದರೆ ಕೊನೆಯ ಹೋಲ್‌ಗಳಿಗೆ ಯಾರೂ ಬರುವುದೂ ಇಲ್ಲ. ಹಾಡು, ಕೂಗು, ಮೊದಲ ಟೀ ಸುತ್ತ ಬೆಳಗಿನ ಕತ್ತಲಲ್ಲೇ ತುಂಬುವ ಸ್ಟ್ಯಾಂಡ್, ಇದಕ್ಕೆ ಸಾಟಿ ಗಾಲ್ಫಿನಲ್ಲಿ ಇನ್ನೊಂದಿಲ್ಲ. ಹೊಡೆತ ನೋಡುವ ವಿಷಯದಲ್ಲಿ ಇಷ್ಟು ಬಡ ಟೂರ್ನಿಯೂ ಇನ್ನೊಂದಿಲ್ಲ. ಹೋಗುವುದೇ ಆದರೆ 12 ಸಿಂಗಲ್ಸ್ ಪಂದ್ಯಗಳಿರುವ ಭಾನುವಾರ ವಾಸಿ. ಮಹಿಳೆಯರ ಸೋಲ್ಹೈಮ್ ಕಪ್‌ನಲ್ಲಿ ಇದೇ ಮಾದರಿ, ಇದೇ ಉತ್ಸಾಹ, ನೂಕುನುಗ್ಗಲು ಕಡಿಮೆ.

2022ರಲ್ಲಿ ಶುರುವಾದ ಲಿವ್ ಗಾಲ್ಫ್ ಸಂಗೀತ, ಶಾಟ್‌ಗನ್ ಸ್ಟಾರ್ಟ್ ಎಂದು ಬೇರೆಯದೇ ದಾರಿ ಹಿಡಿಯಿತು. ಎಲ್ಲ ಗುಂಪುಗಳೂ ಬೇರೆಬೇರೆ ಹೋಲ್‌ಗಳಿಂದ ಒಂದೇ ಹೊತ್ತಿಗೆ ಹೊರಡುವುದರಿಂದ ದಿನದ ಆಟ ಐದು ಗಂಟೆಯಲ್ಲಿ ಮುಗಿಯುತ್ತದೆ. ಸಮಯ ಕಡಿಮೆ ಇರುವವರಿಗೆ ಅನುಕೂಲ. ಆದರೆ ಎಲ್ಲರೂ 18ರಲ್ಲಿ ಮುಗಿಸುವುದಿಲ್ಲ, ಗೆಲುವಿಗೆ ಹೋರಾಡುವವನು ಏಳನೆಯದರಲ್ಲೋ ಒಂಬತ್ತರಲ್ಲೋ ಆಟ ಮುಗಿಸಿಬಿಡಬಹುದು.

ಟಿಕೆಟ್, ಶಿಸ್ತು, ಸುರಕ್ಷೆ

ಸಾಮಾನ್ಯ ಮೈದಾನ ಟಿಕೆಟ್ ಮತ್ತು ಹಾಸ್ಪಿಟಾಲಿಟಿ ಟಿಕೆಟ್ ನಡುವೆ ಆರಿಸುವುದು ಸುಲಭ. ಎರಡನೆಯದರಲ್ಲಿ ಊಟ, ನೆರಳು, ಕ್ಯೂ ಇಲ್ಲದ ಶೌಚಾಲಯ ಇರುತ್ತವೆ, ಜೊತೆಗೆ ಕೂತಲ್ಲೇ ಕೂರುವ ಸೋಮಾರಿತನ. ಹಿರಿಯರು ಜೊತೆಗಿದ್ದರೆ, ಬಿಸಿಲು ತಡೆಯದಿದ್ದರೆ ತೆಗೆದುಕೊಳ್ಳಿ. ಉಳಿದವರಿಗೆ ಮೈದಾನ ಟಿಕೆಟ್ ಸಾಕು.

ಪಿಜಿಎ ಟೂರ್ 2011ರಿಂದ ಪ್ರೇಕ್ಷಕರಿಗೆ ಫೋನ್ ತರಲು ಬಿಟ್ಟಿದೆ, ಸದ್ದು ಮಾತ್ರ ಆರಿಸಿರಬೇಕು. ಆಟಗಾರ ಚೆಂಡಿನ ಮುಂದೆ ನಿಂತಾಗ ಮಾರ್ಷಲ್ ಕೈ ಎತ್ತುತ್ತಾನೆ. ಆಗ ನಡೆಯುತ್ತಿದ್ದರೆ ಅಲ್ಲೇ ನಿಲ್ಲಿ, ಚಿಪ್ಸ್ ಪೊಟ್ಟಣ ಬಿಚ್ಚುವುದನ್ನೂ ತಡೆಯಿರಿ. ಚೆಂಡು ನಿಮ್ಮ ಕಾಲ ಬುಡಕ್ಕೆ ಬಂದರೆ ಮುಟ್ಟಬೇಡಿ. ಮುಟ್ಟಿದರೆ ಆಟಗಾರನಿಗೆ ದಂಡವಿಲ್ಲ, ಚೆಂಡನ್ನು ಮೊದಲಿದ್ದಲ್ಲಿಗೇ ಇಡುತ್ತಾರೆ, ಆದರೂ ಆ ಗಲಾಟೆ ಯಾರಿಗೂ ಬೇಡ.

"ಫೋರ್" ಎಂದು, ಚೆಂಡು ಜನರತ್ತ ಬರುತ್ತಿದೆ ಎಂಬ ಎಚ್ಚರಿಕೆಯ ಕೂಗು ಕೇಳಿದರೆ ಮೇಲೆ ನೋಡಬಾರದು, ಎರಡೂ ತೋಳಿನಿಂದ ತಲೆ ಮುಚ್ಚಿ ಬಗ್ಗಬೇಕು. 2018ರ ರೈಡರ್ ಕಪ್‌ನಲ್ಲಿ ಬ್ರೂಕ್ಸ್ ಕೆಪ್ಕಾ ಹೊಡೆದ ಚೆಂಡು ತಗುಲಿ ಪ್ರೇಕ್ಷಕಿಯೊಬ್ಬರು ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡರು. ಡ್ರೈವ್ ಬೀಳುವ ಜಾಗದಲ್ಲಿ ನಿಂತಾಗ ಫೋನ್ ನೋಡುತ್ತ ಇರಬೇಡಿ, ಟೀ ಕಡೆ ಕಣ್ಣಿರಲಿ.

ಮಿಂಚು ಇದಕ್ಕಿಂತ ಅಪಾಯ. 1991ರ ಅಮೆರಿಕನ್ ಓಪನ್‌ನಲ್ಲಿ ಹ್ಯಾಝಲ್ಟೀನ್‌ನಲ್ಲಿ ಮರದ ಕೆಳಗೆ ನಿಂತ ಪ್ರೇಕ್ಷಕರ ಮೇಲೆ ಸಿಡಿಲು ಬಡಿದು ಒಬ್ಬರು ಸತ್ತರು. 2019ರಲ್ಲಿ ಈಸ್ಟ್ ಲೇಕ್‌ನಲ್ಲಿ ಮರಕ್ಕೆ ಬಡಿದ ಸಿಡಿಲಿನಿಂದ ಆರು ಜನ ಗಾಯಗೊಂಡರು. ಒಂದೇ ಉದ್ದನೆಯ ಸೈರನ್ ಎಂದರೆ ಆಟ ತಕ್ಷಣ ಬಂದ್. ಆಗ ಒಳ್ಳೆಯ ಸೀಟಿನ ಆಸೆಗೆ ಮರದಡಿ ಕಾಯದೆ ಕಟ್ಟಡಕ್ಕೋ ಬಸ್ಸಿಗೋ ಹೋಗಿ. ಎರಡು ಸಣ್ಣ ಸೈರನ್ ಕೇಳಿದರೆ ಆಟ ಮತ್ತೆ ಶುರು.

ಭಾನುವಾರ ಸಂಜೆ ಬಸ್ ಹಿಡಿಯಲು ಹೊರಡುವ ಮುನ್ನ ಬೋರ್ಡ್ ನೋಡಿ. ಇಬ್ಬರು ಸಮಬಲದಲ್ಲಿದ್ದರೆ ಪ್ಲೇ-ಆಫ್ ಬರುತ್ತದೆ, ಅದು ಎಲ್ಲಿ ನಡೆಯುತ್ತದೆಂದು ಮೊದಲೇ ತಿಳಿದವರಿಗೆ ಮುಂದಿನ ಸಾಲು. ಪಿಜಿಎ ಟೂರ್‌ನಲ್ಲಿ ಸಡನ್ ಡೆತ್ (ಮೊದಲು ಒಂದು ಹೋಲ್ ಗೆದ್ದವನೇ ವಿಜೇತ), ಹೆಚ್ಚಾಗಿ 18ರಿಂದಲೇ. ಅಮೆರಿಕನ್ ಓಪನ್‌ನಲ್ಲಿ ಎರಡು ಹೋಲ್‌ಗಳ ಮೊತ್ತ, ಬ್ರಿಟಿಷ್ ಓಪನ್ ಮತ್ತು ಪಿಜಿಎ ಚಾಂಪಿಯನ್‌ಷಿಪ್‌ನಲ್ಲಿ ಮೂರು. ಮಾಸ್ಟರ್ಸ್‌ನಲ್ಲಿ ಮೊದಲು 18, ಅಲ್ಲೂ ತೀರ್ಮಾನವಾಗದಿದ್ದರೆ 10. 2025ರಲ್ಲಿ ರೋರಿ ಮೆಕಿಲ್ರಾಯ್, ಜಸ್ಟಿನ್ ರೋಸ್ ಸಮಬಲವಾದಾಗ 18ರಲ್ಲೇ ಬರ್ಡಿ (ಪಾರ್‌ಗಿಂತ ಒಂದು ಹೊಡೆತ ಕಡಿಮೆ) ಹೊಡೆದು ಮೆಕಿಲ್ರಾಯ್ ಗೆದ್ದರು. ಎರಡನೇ ಹೋಲ್‌ಗೆ ಹೋಗಬಹುದೆಂದು 10ನೇ ಗ್ರೀನ್ ಪಕ್ಕ ಜಾಗ ಹಿಡಿದವರಿಗೆ ಏನೂ ಸಿಗಲಿಲ್ಲ.